ಕಡ್ಡಿ ಮುರಿದ ಹಾಗೆ

"ಕಡ್ಡಿ ಮುರಿದ ಹಾಗೆ ಹೇಳು, ಗ್ವಿಲಿಮ್.
ತಂತಿಚಕ್ರವೋ, ಉಕ್ಕಿನದೋ?"
ಎಂದಳು ಡಿಲಿಸ್ ಪ್ರಾಬರ್ಟ್, ಕೈಗವಸು ಕಳಚದೆ.
ವೇಲ್ಸ್‌ನ ಬಾಲಾ ಊರು, ನನ್ನ ತಗಡಿನ ಶೆಡ್ಡು,
ಬರಲೋ ಬೇಡವೋ ಎನ್ನುವ ಮಳೆ.
ಹೊರಗೆ ಅರವತ್ತನಾಲ್ಕರ ಎಂಜಿಬಿ,
ಎರಡೇ ಸೀಟು, ಹಸಿರು ಮೈ.
ವಿಚ್ಛೇದನದಲ್ಲಿ ಇದ್ವಾಲನಿಗೆ ಮನೆ ಹೋಯಿತು,
ನಾಯಿ ಹೋಯಿತು, ಅತ್ತೆಯ ಪಿಂಗಾಣಿ ಹೋಯಿತು.
ಇವಳ ಪಾಲಿಗೆ ಕಾರು.

ನಾನು ಚಕ್ರ ಕಟ್ಟುವವನು.
ನಲವತ್ತು ವರ್ಷ ಈ ತಂತಿಯೇ ಹೊಟ್ಟೆ ಹೊರೆದದ್ದು.
ನನ್ನನ್ನು ಕೇಳುವುದೆಂದರೆ
ಲಾಳ ಬೇಕೇ ಬೇಡವೇ ಎಂದು
ಕಮ್ಮಾರನನ್ನೇ ಕೇಳಿದ ಹಾಗೆ.

ಆದರೂ ಜ್ಯಾಕ್ ಎತ್ತಿದೆ. ಚಹದ ಚಮಚ ಹಿಡಿದು
ಒಂದೊಂದೇ ಕಡ್ಡಿ ತಟ್ಟಿದೆ.
ಬಿಗಿಯಿದ್ದದ್ದು ಟಿಣ್ ಎನ್ನುತ್ತದೆ,
ಸತ್ತದ್ದು ಟೊಕ್.
ಟಿಣ್ ಟಿಣ್ ಟಿಣ್ ಟೊಕ್
ಟಿಣ್ ಟೊಕ್ ಟೊಕ್
"ಎಷ್ಟು?"
"ಈ ಒಂದರಲ್ಲೇ ಹನ್ನೊಂದು."
ಬಿಚ್ಚಿ ನೋಡಿದರೆ ಗುಂಬದ ಒಳಹಲ್ಲು ಸವೆದು
ಮೀನಿನ ಮುಳ್ಳಾಗಿತ್ತು.
"ರಿವರ್ಸಿನಿಂದ ಮೊದಲ ಗೇರಿಗೆ ಬರುವಾಗ
ಕಟಕ್ ಎನ್ನುತ್ತಿತ್ತಲ್ಲ?"
"ಎನ್ನುತ್ತಿತ್ತು. ಅದರ ಸ್ವಭಾವವೇ ಅಷ್ಟು ಎನ್ನುತ್ತಿದ್ದ.
ಮೇಲೆ ತಳುಕು, ಒಳಗೆ ಹುಳುಕು."
ಯಾರ ಬಗ್ಗೆ ಎಂದು ನಾನು ಕೇಳಲಿಲ್ಲ.

"ಭಾನುವಾರ ಅವನು ಓಡಿಸುವುದು,
ಸೋಮವಾರ ನಾನು ಉಜ್ಜುವುದು.
ಹಳೆಯ ಹಲ್ಲಿನ ಬ್ರಷ್ಷು, ಸೀಮೆಎಣ್ಣೆ,
ಚಕ್ರಕ್ಕೆ ಅರವತ್ತು ಕಡ್ಡಿ, ಸ್ಪೇರೂ ಸೇರಿ ಮುನ್ನೂರು.
ಬೆರಳು ತೂರದ ಆ ಸಂದಿಗಳಲ್ಲಿ
ನನ್ನ ಹದಿನೇಳು ವರ್ಷ ಇರಬೇಕು, ನೋಡು,
ಸಿಕ್ಕರೆ ತೆಗೆದಿಡು."

ಆದರೆ ನ್ಯಾಯವಾಗಿ ಹೇಳಬೇಕಲ್ಲ:
ಸಂಜೆ ಸರೋವರದ ದಂಡೆಯ ರಸ್ತೆಯಲ್ಲಿ
ತಂತಿಚಕ್ರ ತಿರುಗುವಾಗ ಅಲ್ಲಿ ಚಕ್ರವೇ ಇರುವುದಿಲ್ಲ;
ಒಂದು ಹೊಳಪು, ಅದರಾಚೆ ನೀರು.
ಕೆಳಗಿನ ಕಡ್ಡಿಗಳ ಮೇಲೆ ನಿಂತಿದೆ ಗಾಡಿ
ಅಂದುಕೊಳ್ಳುತ್ತಾರೆ ಜನ. ಅಲ್ಲ.
ಮೇಲಿನ ಕಡ್ಡಿಗಳಿಂದ ತೂಗುತ್ತದೆ ಅದು,
ಜೋಕಾಲಿಯ ಹಾಗೆ,
ಕ್ಷಣಕ್ಕೊಂದು ಕೊಂಬೆ ಬದಲಿಸುತ್ತ.
ಇದನ್ನೂ ಅವಳಿಗೆ ಹೇಳಿದೆ.
ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಉಕ್ಕಿನದು?
ಅಡುಗೆಮನೆಯ ತಟ್ಟೆ. ನಾಲ್ಕು ನಟ್ಟು,
ಸುತ್ತ ಗುಂಡುತೂತು, ನಡುವೆ ಒಂದು ಮುಚ್ಚಳ.
ಬಕೆಟ್ ನೀರು ಎರಚಿದರೆ ಸ್ನಾನ ಮುಗಿಯಿತು.
ಟಿಣ್ ಇಲ್ಲ, ಟೊಕ್ ಇಲ್ಲ.
ನೋಡಿ ಯಾರೂ ತಿರುಗಿ ನಿಲ್ಲುವುದಿಲ್ಲ.
ತಾಮ್ರದ ಸುತ್ತಿಗೆ ಬೀಸಿ ರೆಕ್ಕೆನಟ್ಟು ಬಿಚ್ಚುವ
ಆ ಠೀವಿಯೂ ಇಲ್ಲ.

"ಒಂದು ಮಾತು, ಡಿಲಿಸ್.
ಬರೀ ಚಕ್ರ ಬದಲಿಸಿದರೆ ಆಗುವುದಿಲ್ಲ.
ಇದರ ಅಚ್ಚೇ ಬೇರೆ, ಅದರ ಅಚ್ಚೇ ಬೇರೆ.
ಮುಂದಿನ ಗುಂಬ ಬಿಚ್ಚಬೇಕು,
ಹಿಂದಿನ ಅಚ್ಚು ಪೂರ್ತಿ ಇಳಿಸಬೇಕು.
ತಂತಿಯನ್ನೇ ಹೊಸದು ಹಾಕಿದರೆ ಅರ್ಧ ಖರ್ಚು."

ಆಗ ಕೈಗವಸು ಕಳಚಿದಳು.
ಗೆಣ್ಣುಗಳು ಊದಿದ್ದವು.
"ಇಳಿಸು," ಎಂದು ಚೆಕ್ಕುಪುಸ್ತಕ ತೆಗೆದಳು.

ಐದು ತಂತಿಚಕ್ರ ಈಗ ನನ್ನ ಗೋಡೆಯ ಮೇಲಿವೆ.
ಹನ್ನೊಂದು ಕಡ್ಡಿ ಬದಲಿಸಿದ್ದೇನೆ,
ಯಾರಿಗೆಂದೂ ಅಲ್ಲ, ಕೈ ಸುಮ್ಮನಿರದು.

ಮೂರು ವಾರದ ಮೇಲೆ ಬಂದಳು,
ಕೆಸರು ಕಿಟಕಿಯವರೆಗೆ.
ಎಡಗಡೆ ಹಿಂದಿನ ಮುಚ್ಚಳ ಇರಲಿಲ್ಲ.
ಶಿಲುಬೆ ಕಣಿವೆಯ ಇಳಿಜಾರಿನಲ್ಲಿ ಕಳಚಿ
ಕುರಿಗಳ ನಡುವೆ ಉರುಳಿಕೊಂಡು ಹೋಯಿತಂತೆ.
"ಹುಡುಕಲಿಲ್ಲವೆ?"
"ಕಾರು ನಿಲ್ಲಿಸಿ ನೋಡುತ್ತಿದ್ದೆ, ಗ್ವಿಲಿಮ್.
ಎಷ್ಟು ಚೆನ್ನಾಗಿ ಉರುಳಿತು, ಗೊತ್ತೆ,
ಒಂದು ಕುರಿಯೂ ತಲೆ ಎತ್ತಲಿಲ್ಲ."